ಪದಚರ್ಚೆ: ಫೋಟೋ ನೋಡಿ ಬರೆದ ಅಜ್ಜಿಗೆ ಏನೆನ್ನುವುದು?

ಕುಂಚದವಳು:
ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು, ನಾಳೆ ಬೆಳಿಗ್ಗೆ ಫಲಕ ಅಚ್ಚಿಗೆ ಹೋಗುತ್ತೆ. ನಮ್ಮಜ್ಜಿಯದು ಅಂತ ಉಳಿದಿರೋದು ಒಂದೇ ಒಂದು ಫೋಟೋ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಹಳದಿಗೆ ತಿರುಗಿದೆ, ಒಂದು ಮೂಲೆ ಹರಿದಿದೆ. ಅದರ ಮೇಲೆ ಚೌಕ ಹಾಕಿಕೊಂಡು, ದೊಡ್ಡದು ಮಾಡಿ, ಕ್ಯಾನ್‌ವಾಸಿನ ಮೇಲೆ ಆಯಿಲ್‌ನಲ್ಲಿ ಬರೆದಿದ್ದೇನೆ. ಪ್ರದರ್ಶನದಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ, ಕೆಳಗೆ ಒಂದೊಂದು ಸಾಲು. ಪೇಂಟಿಂಗಿಗೆ "ಭಾವಚಿತ್ರ" ಅಂತ ಹಾಕಿದ್ದೆ. ತಮ್ಮ ನೋಡಿ, "ಅದು ಫೋಟೋ ಕೆಳಗೆ ಬರಬೇಕಾದ್ದಲ್ಲವಾ?" ಅಂದ. ಆಮೇಲೆ ಕೈಯೇ ಓಡುತ್ತಿಲ್ಲ.

ಹಳೆಮೊಳೆ:
ನಿಮ್ಮ ತಮ್ಮನ ತಪ್ಪಿಲ್ಲ. ಅರ್ಜಿ ನಮೂನೆಗಳಲ್ಲಿ "ಇತ್ತೀಚಿನ ಭಾವಚಿತ್ರ ಅಂಟಿಸಿ" ಎಂದು ಅಚ್ಚು ಹಾಕಿ ಹಾಕಿ ಆ ಪದವನ್ನೇ ಗೋಂದಿಗೆ ಅಂಟಿಸಿಬಿಟ್ಟಿದ್ದಾರೆ. ಅಂಥ ಫೋಟೋಗಳಲ್ಲಿ ಇಲ್ಲದಿರುವುದು ಭಾವ ಒಂದೇ. ವ್ಯಕ್ತಿಚಿತ್ರ ಎನ್ನಿ ಎಂದು ಯಾರಾದರೂ ಬರುತ್ತಾರೆ, ಕೇಳಬೇಡಿ, ಅದು ಗದ್ಯದವರ ಪಾಲಾಗಿ ಬಹಳ ಕಾಲವಾಯಿತು. ಮುಖಚಿತ್ರ ಪತ್ರಿಕೆಯ ರಟ್ಟಿನದು. ಪ್ರತಿಕೃತಿಯಂತೂ ಬೇಡವೇ ಬೇಡ, ದಿನಪತ್ರಿಕೆ ಓದುವವರಿಗೆ ಅದರ ಮುಂದೆ "ದಹನ" ತಾನಾಗಿಯೇ ಕಾಣುತ್ತದೆ. "ತೈಲವರ್ಣ ಭಾವಚಿತ್ರ" ಎಂದು ಹಾಕಿ, ಮುಗಿಯಿತು.

ಅಚ್ಚನುಡಿ:
ಮುಗಿಯಲಿಲ್ಲ. ತೈಲ, ವರ್ಣ, ಭಾವ, ಚಿತ್ರ. ನಾಲ್ಕಕ್ಕೆ ನಾಲ್ಕೂ ಸಕ್ಕದ, ಅಂದರೆ ಸಂಸ್ಕೃತ. ಅಜ್ಜಿ ಆಡುತ್ತಿದ್ದ ನುಡಿಯಲ್ಲೇ ಅಜ್ಜಿಯ ಕೆಳಗೆ ಬರೆದರೆ ಏನು ಕೇಡು? "ಎಣ್ಣೆಬಣ್ಣದ ಪಡಿರೂಹು" ಎನ್ನಿ. ರೂಹು ಹೊಸದಾಗಿ ಹುಟ್ಟಿಸಿದ್ದಲ್ಲ, ಅಕ್ಕನ ವಚನದಲ್ಲಿ "ರೂಹಿಲ್ಲದ ಚೆಲುವ" ಇದ್ದಾನೆ. ಫೋಟೋಗೆ "ಬೆಳಕಚ್ಚು" ಸಾಕು.

ಹಳೆಮೊಳೆ:
ರೂಹು ರೂಪದ ತದ್ಭವ. ಬಣ್ಣ ವರ್ಣದ್ದು. ಪಡಿ ಪ್ರತಿಯದು. ನಿಮ್ಮ ಪಾಲಿಗೆ ಉಳಿದದ್ದು ಎಣ್ಣೆಯೊಂದೇ. ಅದನ್ನೂ ಬಿಡಿಸಿ ನೋಡಿ, ಎಳ್ + ನೆಯ್. ತೈಲ ಬಂದದ್ದು ತಿಲದಿಂದ, ಎಣ್ಣೆ ಬಂದದ್ದು ಎಳ್ಳಿನಿಂದ, ಗಾಣ ಒಂದೇ. ಇನ್ನು ಅಜ್ಜಿಯನ್ನು ನಿಜವಾಗಿ ಎಳ್ಳೆಣ್ಣೆಯಲ್ಲಿ ಬರೆದರೆ ಚಿತ್ರ ಒಣಗುವ ಲಕ್ಷಣವಿಲ್ಲ. ಚಿತ್ರಗಾರರು ಬಣ್ಣ ಕಲೆಸುವುದು ಅಗಸೆ ಎಣ್ಣೆಯಲ್ಲಿ, ಗಾಳಿ ತಾಕಿ ಗಟ್ಟಿಯಾಗುವ ಗುಣ ಅದಕ್ಕಿದೆ.

ಅಚ್ಚನುಡಿ:
ಸೀಮೆಎಣ್ಣೆಯಲ್ಲಿ ಯಾವ ಎಳ್ಳಿದೆ ಮೇಷ್ಟ್ರೇ? ತದ್ಭವ ನಮ್ಮ ಬಾಯಲ್ಲಿ ನುರಿದು ನಮ್ಮದಾದದ್ದು. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಅದಕ್ಕೊಂದು ಪ್ರಕರಣ ಮೀಸಲಿಟ್ಟಿದ್ದಾನೆ. ನುರಿಯದೆ ಇಡಿಯಾಗಿ ನುಂಗಿದ್ದರ ಬಗ್ಗೆ ನನ್ನ ತಕರಾರು.

ಹಳೆಮೊಳೆ:
ಹಾಗಾದರೆ ಫೋಟೋ ನುರಿಯಲಿಲ್ಲವೇ? ಫೋಟೋ ತೆಗೆ, ಫೋಟೋ ಹಿಡಿ, ಫೋಟೋದವನು. ವಿಭಕ್ತಿ ಹತ್ತಿ, ಮಕ್ಕಳ ಬಾಯಿಗೂ ಬಂದ ಪದವನ್ನು ಹೊರಗಟ್ಟಿ ಬೆಳಕಚ್ಚು ತರುವುದು ಯಾರಿಗಾಗಿ?

ದಾರಿಹೋಕ:
ನಡುವೆ ಬಾಯಿ ಹಾಕುತ್ತಿದ್ದೇನೆ. ಫೋಟೋ ಎಂದರೆ ಗ್ರೀಕಿನಲ್ಲಿ ಬೆಳಕು. 1839ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ "ಫೋಟೋಗ್ರಫಿ" ಎಂಬ ಹೆಸರನ್ನು ಚಾಲ್ತಿಗೆ ತಂದರು, ಬೆಳಕಿನ ಬರಹ ಎಂಬ ಅರ್ಥದಲ್ಲಿ. ನಾವು ಮಾಡಿಕೊಂಡದ್ದು ಛಾಯಾಚಿತ್ರ, ನೆರಳಿನದು! ನೆಗೆಟಿವ್ ಎಂಬ ಹೆಸರೂ ಹರ್ಷೆಲ್ ಕೊಟ್ಟದ್ದೇ. ಅದರಲ್ಲಿ ಬೆಳಕು ಬಿದ್ದ ಕಡೆಯೇ ಕಪ್ಪು, ಹಾಗಾಗಿ ಯಾರನ್ನೂ ತಪ್ಪೆನ್ನುವಂತಿಲ್ಲ. ಛಾಯೆಗೆ ಕಾಂತಿ, ಪ್ರತಿಬಿಂಬ ಎಂಬ ಅರ್ಥಗಳೂ ಇವೆಯೆನ್ನಿ. ಅಂದಹಾಗೆ ಅವರ "ಗ್ರಾಫ್"ಗೂ ನಮ್ಮ "ಬರೆ"ಗೂ ಬರಹ, ಚಿತ್ರ ಎರಡೂ ಒಂದೇ ಕೆಲಸ. ಮೇಡಂ "ಬರೆದಿದ್ದೇನೆ" ಎಂದದ್ದು ಅದಕ್ಕೇ ಹಿಡಿಸಿತು. "ಬಿಡಿಸಿದ್ದೇನೆ" ಎಂದರೆ ನನಗೆ ಬಟಾಣಿಯೇ ನೆನಪಾಗುವುದು.

ಹಳೆಮೊಳೆ:
ರಂಗೋಲಿ ಬಿಡಿಸುತ್ತಾರೆ, ಚಿತ್ರವನ್ನೂ ಬಿಡಿಸುತ್ತಾರೆ. ಆ ಜಗಳ ಬೇರೆ ದಿನ.

ಕುಂಚದವಳು:
ಮೇಷ್ಟ್ರೇ, ಪಡಿ, ಪ್ರತಿ, ನಕಲು, ಯಾವುದೂ ನನ್ನ ಕೆಲಸಕ್ಕೆ ಕೂರುತ್ತಿಲ್ಲ. ಯಾಕೆ ಹೇಳ್ತೀನಿ. ಫೋಟೋದಲ್ಲಿ ಅಜ್ಜಿ ಹೊದ್ದ ಶಾಲು ಕುತ್ತಿಗೆಯಿಂದ ಕೆಳಗೆ ಒಂದೇ ಕಪ್ಪು ಮುದ್ದೆ. ನಾನೂ ಕಪ್ಪು ಕಲೆಸಿಕೊಂಡಿದ್ದೆ. ದೊಡ್ಡಮ್ಮ ಬಂದವರು, "ಅದು ಕೆಂಪು ಕಣೇ, ನಾನು ಹೊದ್ದು ಮಲಗಿದ್ದೀನಿ" ಅಂದರು. ಆಮೇಲೆ ಓದಿ ತಿಳಿಯಿತು, ಆ ಕಾಲದ ಎಷ್ಟೋ ಪ್ಲೇಟು, ಫಿಲ್ಮುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲವಂತೆ. ಕೆಂಪು ಕಪ್ಪಾಗಿ, ನೀಲಿ ಬೆಳ್ಳಗಾಗಿ ಬೀಳೋದು. ತುಟಿ ಅಷ್ಟು ಕಪ್ಪಗಿದ್ದದ್ದೂ ಅದಕ್ಕೇ. ಶಾಲು ಕೆರೆದು ಮತ್ತೆ ಬರೆದೆ. ಕಪ್ಪಿನೊಳಗೆ ಮಡಿಕೆ ಎಲ್ಲಿ ಹೋಗಿತ್ತೋ ಕಾಣದು, ಅದೇ ಥರದ ಶಾಲನ್ನು ದೊಡ್ಡಮ್ಮನಿಗೆ ಹೊದಿಸಿ ಕೂರಿಸಿ ನೋಡಿಕೊಂಡೆ. ಹರಿದ ಮೂಲೆಯಲ್ಲಿದ್ದ ಕೈಬೆರಳೂ ದೊಡ್ಡಮ್ಮನದೇ. ಈಗ ಹೇಳಿ, ಇದು ಯಾವುದರ ಪಡಿ?

ಅಚ್ಚನುಡಿ:
ಪಡಿ ಬಿಡಿ. ರೂಹು ಇರಲಿ.

ಹಳೆಮೊಳೆ:
ಫಲಕ ಓದುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅದನ್ನು ರೂಹ್ ಅಫ್ಜಾ ಶರಬತ್ತು ಅಂದುಕೊಳ್ಳುತ್ತಾರೆ.

ಕುಂಚದವಳು:
ಕೊನೆಗೆ ಹೀಗೆ ಹಾಕಿದೆ. ಪೇಂಟಿಂಗಿನ ಕೆಳಗೆ, "ಅಜ್ಜಿ. ಹಳೆಯ ಫೋಟೋ ನೋಡಿ, ದೊಡ್ಡಮ್ಮನನ್ನು ಕೇಳಿ ಬರೆದದ್ದು. ಕ್ಯಾನ್‌ವಾಸಿನ ಮೇಲೆ ತೈಲವರ್ಣ." ಫೋಟೋ ಕೆಳಗೆ ಬರೀ "ಫೋಟೋ". ಭಾವಚಿತ್ರ ಎರಡರಲ್ಲೂ ಇಲ್ಲ.

ಅಚ್ಚನುಡಿ:
ಕೇಳಿದ್ದು ಪದ, ಹಾಕಿದ್ದು ಮೂರು ಸಾಲು. ಇರಲಿ. ಕ್ಯಾನ್‌ವಾಸಿಗಾದರೂ ಸೆಣಬಟ್ಟೆ ಎನ್ನಬಹುದಿತ್ತು, ಆ ಹೆಸರಿನ ಮೂಲವೂ ಕ್ಯಾನಬಿಸ್, ಸೆಣಬಿನಂಥದೇ ನಾರಿನ ಗಿಡ.

ಹಳೆಮೊಳೆ:
ಸೆಣಬು ಶಣದ ತದ್ಭವ.

ಕುಂಚದವಳು:
ನನ್ನ ಕ್ಯಾನ್‌ವಾಸು ಹತ್ತಿಯದು. ಫಲಕ ಅಚ್ಚಿಗೆ ಹೋಯಿತು.