ಸಹಾಯ ಬೇಕು: ದಿನಗೂಲಿ ಕೇಸು, ನಾನು ಸರ್ಕಾರದ ಪರ

ಎಲ್ಲರಿಗೂ ನಮಸ್ಕಾರ. ಹೈಕೋರ್ಟಿನ ಧಾರವಾಡ ಪೀಠದಲ್ಲಿ ಸರ್ಕಾರಿ ವಕೀಲೆಯಾಗಿ ಸೇರಿ ಆರು ತಿಂಗಳಾಯಿತು. ಮುಂಚೆ ಜಮೀನು ಕೇಸುಗಳೇ ಜಾಸ್ತಿ. ಈಗ ಮೇಜಿನ ತುಂಬಾ ದಿನಗೂಲಿ ನೌಕರರ ಫೈಲುಗಳು.

ಒಂದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಒಬ್ಬ ಪಂಪ್ ಆಪರೇಟರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಕಾರ್ಮಿಕ ನ್ಯಾಯಾಲಯ ಹೇಳಿದೆ. ವರ್ಷದಲ್ಲಿ 240 ದಿನ ದುಡಿದರೂ ನೋಟಿಸಿಲ್ಲದೆ, ಪರಿಹಾರವಿಲ್ಲದೆ ತೆಗೆದರು ಎಂಬುದು ಅವರ ವಾದ. ಇಲಾಖೆಯವರು 'ಉಮಾದೇವಿ ತೀರ್ಪು ಹಾಕಿ ಮೇಡಂ, ಸಾಕು' ಎನ್ನುತ್ತಾರೆ. ಆದರೆ ಸುಪ್ರೀಂ ಕೋರ್ಟಿನ 2006ರ ಆ ತೀರ್ಪು ಕೆಲಸ ಕಾಯಂ ಮಾಡುವ ಬಗ್ಗೆ. ಇಲ್ಲಿರುವುದು, ಕೆಲಸದಿಂದ ತೆಗೆದಾಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಪ್ರಶ್ನೆ, ಅಂದರೆ ತೆಗೆಯುವ ಮುಂಚೆ ನೋಟಿಸು, ಪರಿಹಾರ ಕೊಡಬೇಕೆಂಬ ಕಲಮು. ಎರಡೂ ಬೇರೆ ಅಲ್ವಾ? ಹಾಜರಿ ಪುಸ್ತಕ ಕೇಳಿದರೆ ಗೆದ್ದಲು ತಿಂದಿದೆ ಎಂಬ ಉತ್ತರ!

ಆ ಆದೇಶದ ವಿರುದ್ಧ ನಾವು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದ್ದೇವೆ. ಈಗ ಅದೇ ಕಾಯ್ದೆಯ 17ಬಿ ಕಲಮಿನಡಿ ಆಪರೇಟರ ಅರ್ಜಿಯೂ ಬಂದಿದೆ. ನಮ್ಮ ರಿಟ್ ಮುಗಿಯುವ ತನಕ ಅವರ ಕೊನೆಯ ಸಂಬಳ ಕೊಡುತ್ತಿರಬೇಕು. ಬೇರೆಲ್ಲೂ ಕೆಲಸವಿಲ್ಲ ಎಂದು ಅಫಿಡವಿಟ್ ಹಾಕಿದ್ದಾರೆ. ಸುಮ್ನೆ ವಿರೋಧಿಸಲು ನನಗೆ ಮನಸ್ಸಿಲ್ಲ.

ಇಂಥ ಕೇಸನ್ನು ಇಡಿಗಂಟು ಪರಿಹಾರ ಕೊಟ್ಟು ಮುಗಿಸಲು ಇಲಾಖೆಯನ್ನು ಒಪ್ಪಿಸಿದವರು ಇದ್ದೀರಾ? ಟಿಪ್ಪಣಿ ಹೇಗೆ ಬರೆದಿರಿ? ಮಾದರಿ ಇದ್ದರೆ ಹೆಸರು ಅಳಿಸಿ ಕಳಿಸಿ. ಮುಂದಿನ ವಿಚಾರಣೆ ಸೋಮವಾರ.