ಒಳಕಿವಿಯ ನರದ ತೊಂದರೆಗೆ ವಿಆರ್ ವ್ಯಾಯಾಮ ಮಾಡಿಸಿಕೊಂಡವರು ಇದ್ದೀರಾ?

ಹಾಸನದ ಟೀಚರ್:
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ದೀಪಾವಳಿ ಹೊತ್ತಿಗೆ ಒಂದು ಬೆಳಿಗ್ಗೆ ಏಳುತ್ತಲೇ ಇಡೀ ಮನೆ ಗಿರ್ರನೆ ಸುತ್ತತೊಡಗಿತು. ವಾಂತಿ ಬೇರೆ. ಇಎನ್‌ಟಿ ಡಾಕ್ಟರು ಪರೀಕ್ಷೆ ಮಾಡಿಸಿ, ಎಡಗಿವಿಯ ಬ್ಯಾಲೆನ್ಸ್ ನರಕ್ಕೆ ಊತ ಬಂದಿದೆ, ವೆಸ್ಟಿಬ್ಯುಲರ್ ನ್ಯೂರೈಟಿಸ್ ಅಂದರು. ಕಿವಿ ಚೆನ್ನಾಗಿಯೇ ಕೇಳುತ್ತದೆ.

ಈಗ ಸುತ್ತು ನಿಂತು ತಿಂಗಳುಗಳೇ ಆದವು. ಆದರೆ ಬೋರ್ಡ್ ಮೇಲೆ ಬರೆದು ಮಕ್ಕಳ ಕಡೆ ಗಕ್ಕನೆ ತಿರುಗಿದರೆ ಮುಖಗಳೆಲ್ಲ ಒಂದು ಕ್ಷಣ ಅಲುಗಾಡುತ್ತವೆ. ಸೂಪರ್ ಮಾರ್ಕೆಟ್‌ನಲ್ಲಂತೂ ಇನ್ನೂ ಕಷ್ಟ. ಎರಡೂ ಕಡೆ ಸಾಲು ಸಾಲು ಪೊಟ್ಟಣ, ಎದುರಿಗೆ ಓಡಾಡುವ ಜನ, ಕಾಲಡಿಯ ನೆಲವೇ ಸರಿಯುತ್ತದೆ ಅನ್ನಿಸುತ್ತದೆ. ಬೆಂಗಳೂರಿನಲ್ಲಿ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣ ಮುಂದೆ ನಿಜದಂತೆಯೇ ದೃಶ್ಯ ತೋರಿಸುವ ದೊಡ್ಡ ಕನ್ನಡಕದಂಥದ್ದು, ಹಾಕಿಸಿ ವ್ಯಾಯಾಮ ಮಾಡಿಸುತ್ತಾರಂತೆ. ತಂಗಿ ಮಗನ ಹತ್ತಿರ ಗೇಮ್ ಆಡುವ ಹೆಡ್‌ಸೆಟ್ ಇದೆ, "ಇದರಲ್ಲೇ ಮಾಡಿ ದೊಡ್ಡಮ್ಮ" ಅನ್ನುತ್ತಾನೆ. ನಿಜಕ್ಕೂ ಉಪಯೋಗ ಇದೆಯಾ?

ಮೈಸೂರು ಫಿಸಿಯೋ:
ಮೇಡಂ, ನಾನು ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ತಲೆಸುತ್ತಿನವರೇ ಜಾಸ್ತಿ ಬರುವುದು. ವಿಆರ್ ಖಂಡಿತ ಉಪಯೋಗಕ್ಕೆ ಬರುತ್ತದೆ, ಆದರೆ ಮುಖ್ಯವಾಗಿ ನಿಮ್ಮ ಎರಡನೇ ತೊಂದರೆಗೆ. ಮೊದಲನೆಯದಕ್ಕೆ ಒಂದು ಹಾಳೆ ಕಾಗದ ಸಾಕು.

ತಲೆ ಬಲಕ್ಕೆ ತಿರುಗಿದರೆ ಕಣ್ಣು ಅಷ್ಟೇ ವೇಗದಲ್ಲಿ ಎಡಕ್ಕೆ ಹೊರಳಬೇಕು. ಆಗಲೇ ನೋಟ ನಿಲ್ಲುವುದು. ಕಣ್ಣಿಗೆ ಈ ಸುದ್ದಿ ಮುಟ್ಟಿಸುವುದು ಒಳಕಿವಿ. ನಿಮ್ಮ ಎಡಗಡೆಯಿಂದ ಅದು ಅರ್ಧಂಬರ್ಧ ಬರುತ್ತಿದೆ. ನರ ಪೂರ್ತಿ ಚೇತರಿಸಿಕೊಳ್ಳದಿದ್ದರೂ ಮೆದುಳು ಸರಿದೂಗಿಸಲು ಕಲಿಯುತ್ತದೆ. ಆದರೆ ನೋಟ ಸ್ವಲ್ಪ ತಪ್ಪಿದರೇನೇ ಅದಕ್ಕೆ ಪಾಠ. ಕತ್ತು ಬಿಗಿಹಿಡಿದು ಕೂತವರು ಸುಧಾರಿಸುವುದು ನಿಧಾನ.

ಕಾಗದದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಸಣ್ಣದಾಗಿ "ಕ" ಅಂತ ಬರೆದು ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿ. ಕೈಚಾಚಿದಷ್ಟು ದೂರದಲ್ಲಿ ಕೂತು, ಕಣ್ಣು ಅಕ್ಷರದ ಮೇಲೇ ಇಟ್ಟು ತಲೆ ಮಾತ್ರ ಅತ್ತಿತ್ತ ಆಡಿಸಿ, "ಬೇಡ ಬೇಡ" ಅನ್ನುವಾಗ ಆಡಿಸುತ್ತೇವಲ್ಲ, ಹಾಗೆ. ಅಕ್ಷರ ಇನ್ನೇನು ಮಸುಕಾಗಬೇಕು, ಅಷ್ಟು ವೇಗ ಬೇಕು. ತೀರಾ ನಿಧಾನ ಮಾಡಿದರೆ ಒಳಕಿವಿಗೆ ಕೆಲಸವೇ ಸಿಗುವುದಿಲ್ಲ. ಆಮೇಲೆ ಮೇಲೆ ಕೆಳಗೆ. ಹಳೆಯದಾದ ತೊಂದರೆಗೆ ದಿನಕ್ಕೆ 3ರಿಂದ 5 ಸಲ ಹಂಚಿಕೊಂಡು ಒಟ್ಟು 20 ನಿಮಿಷವಾದರೂ ಆಗಬೇಕು, 4ರಿಂದ 6 ವಾರ ಬಿಡದೆ ಮಾಡಬೇಕು ಅನ್ನುತ್ತದೆ ಅಮೆರಿಕದ ಫಿಸಿಯೋಥೆರಪಿಸ್ಟರ ಸಂಘದ 2022ರ ಮಾರ್ಗಸೂಚಿ.

ಇನ್ನು ಸೂಪರ್ ಮಾರ್ಕೆಟ್. ಒಳಕಿವಿ ಕೈಕೊಟ್ಟಾಗ ಮೆದುಳು ಬ್ಯಾಲೆನ್ಸಿಗೆ ಕಣ್ಣನ್ನೇ ಜಾಸ್ತಿ ನಂಬುತ್ತದೆ. ಸುತ್ತಲಿನದು ಸರಿದರೆ ನಾನೇ ಸರಿದೆ ಅಂದುಕೊಳ್ಳುತ್ತದೆ. ಇದನ್ನು ಬಿಡಿಸಲು ಅಂಥ ನೋಟಗಳನ್ನೇ ಸ್ವಲ್ಪ ಸ್ವಲ್ಪ ತೋರಿಸಿ ಒಗ್ಗಿಸಬೇಕು. ನಿಜವಾದ ಅಂಗಡಿಯಲ್ಲಿ ಜನ ಕಡಿಮೆ ಮಾಡಿ ಅಂತ ಹೇಳಲಾಗುತ್ತದಾ? ವಿಆರ್‌ನಲ್ಲಿ ಆಗುತ್ತದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಇದಕ್ಕಾಗಿಯೇ ಒಂದು ದಿನಸಿ ಅಂಗಡಿಯನ್ನು ಪರದೆಗಳ ಮೇಲೆ ಕಟ್ಟಿದ್ದರು. ರೋಗಿಗಳು ಟ್ರೆಡ್‌ಮಿಲ್ ಮೇಲೆ ನಡೆಯುತ್ತಾ ಸಾಲುಗಳ ನಡುವೆ ಸಾಮಾನು ಹುಡುಕುತ್ತಿದ್ದರು.

ನಮ್ಮಲ್ಲಿ ಮೊದಲು ಕುರ್ಚಿಯಲ್ಲಿ ಕೂರಿಸಿ ಖಾಲಿ ಅಂಗಡಿ ತೋರಿಸುತ್ತೇವೆ, ಒಂದೆರಡು ನಿಮಿಷ ಅಷ್ಟೇ. ಆಮೇಲೆ ನಿಲ್ಲಿಸುತ್ತೇವೆ, ಜನ ಸೇರಿಸುತ್ತೇವೆ, ಕೊನೆಗೆ ಮೆತ್ತನೆ ಫೋಮ್ ಮೇಲೆ ನಿಂತು ಮೇಲಿನ ಹಲಗೆಯಿಂದ ಕೆಳಗಿನ ಹಲಗೆವರೆಗೆ ಹುಡುಕಬೇಕು. ಪಕ್ಕದಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಸುತ್ತು 10ಕ್ಕೆ ಎಷ್ಟು ಅಂತ ಕೇಳುತ್ತಲೇ ಇರುತ್ತೇನೆ. ಮೂರೋ ನಾಲ್ಕೋ ಬರಬೇಕು, ಸ್ವಲ್ಪ ಹೊತ್ತಿನಲ್ಲಿ ಇಳಿಯಬೇಕು. ಇಳಿಯದಿದ್ದರೆ ಮುಂದಿನ ಸಲ ಕಡಿಮೆ ಮಾಡುತ್ತೇನೆ.

ಹುಡುಗನ ಗೇಮ್ ಸದ್ಯಕ್ಕೆ ಬೇಡ. ಮೈ ಕೂತಲ್ಲೇ ಇದ್ದು ಕಣ್ಣಿಗೆ ಮಾತ್ರ ಓಡಿದ್ದು, ಹಾರಿದ್ದು ಕಂಡರೆ ಚೆನ್ನಾಗಿರುವವರಿಗೇ ಹೊಟ್ಟೆ ತೊಳಸುತ್ತದೆ. ಮೈಗ್ರೇನ್, ಫಿಟ್ಸ್ ಏನಾದರೂ ಇದೆಯಾ? ಇದ್ದರೆ ಯಾವ ಸೆಂಟರಿಗೆ ಹೋದರೂ ಮೊದಲೇ ಹೇಳಿ.

ಬನಶಂಕರಿ ರೇಖಾ:
ನನಗೂ ಇದೇ ಆಗಿತ್ತು ಅಕ್ಕ, ಬಲಗಿವಿ. ವಿಆರ್‌ನಲ್ಲಿ ನನಗೆ ಕೊಟ್ಟಿದ್ದು ರಸ್ತೆ ದಾಟುವ ದೃಶ್ಯ. ಬಸ್ಸು ಅಡ್ಡ ಹೋದಾಗಲೆಲ್ಲ ಕಂಬಿ ಹಿಡಿದುಕೊಂಡು ಬಿಡುತ್ತಿದ್ದೆ. ಬರುಬರುತ್ತಾ ಕೈ ಬಿಟ್ಟೆ. ಈಗ ಮಾರ್ಕೆಟ್ ಸಂದಣಿಯಲ್ಲಿ ಹೂವು ಕೊಂಡು ಬರುತ್ತೇನೆ. ಮನೆಯಲ್ಲಿ ಮಾಡುವ ವ್ಯಾಯಾಮ ಬಿಟ್ಟ ವಾರ ಮಾತ್ರ ಮತ್ತೆ ತೂರಾಟ ಶುರುವಾಗುತ್ತಿತ್ತು, ಅದನ್ನು ಬಿಡಬೇಡಿ.

ಕಡೂರಿನವ:
ಸರ್, ನನ್ನ ಹೆಂಡತಿಗೆ ಮಲಗಿ ಮಗ್ಗುಲು ಬದಲಿಸಿದರೆ ಸುತ್ತುತ್ತದೆ. ಅರ್ಧ ನಿಮಿಷ, ಆಮೇಲೆ ಇಲ್ಲ. ಇವಳಿಗೂ ವಿಆರ್ ಮಾಡಿಸಬಹುದಾ?

ಮೈಸೂರು ಫಿಸಿಯೋ:
ಇದು ಬೇರೆ ತೊಂದರೆ ಇರಬೇಕು ಸರ್. ಒಳಕಿವಿಯಲ್ಲಿ ಸುಣ್ಣದ ಹರಳುಗಳಿರುತ್ತವೆ. ಅವು ಜಾರಿ ಅರ್ಧಚಂದ್ರದ ನಳಿಗೆಗೆ ಬಿದ್ದರೆ ಹೀಗೇ ಆಗುತ್ತದೆ, ಬಿಪಿಪಿವಿ ಅನ್ನುತ್ತಾರೆ. ಎಷ್ಟು ವಿಆರ್ ಮಾಡಿಸಿದರೂ ಹರಳು ಜಾಗಕ್ಕೆ ಹೋಗುವುದಿಲ್ಲ. ಮಲಗಿಸಿ, ತಲೆ ತಿರುಗಿಸಿ ಯಾವ ನಳಿಗೆ ಅಂತ ನೋಡಿ, ಎಪ್ಲಿ ಅನ್ನುವ ಕ್ರಮದಲ್ಲೋ ಅದಕ್ಕೆ ತಕ್ಕ ಬೇರೆ ಕ್ರಮದಲ್ಲೋ ಹೊರಳಿಸುತ್ತಾರೆ. ಬಹಳ ಜನಕ್ಕೆ ಒಂದೆರಡು ಸಲಕ್ಕೇ ವಾಸಿ. ಇಎನ್‌ಟಿ ಹತ್ತಿರ ತೋರಿಸಿ. ಸುತ್ತಿನ ಜೊತೆ ಮಾತು ತೊದಲುವುದು, ಎರಡೆರಡಾಗಿ ಕಾಣುವುದು, ಕೈಕಾಲು ಸೋಲುವುದು ಏನಾದರೂ ಇದ್ದರೆ ಮಾತ್ರ ಕಾಯಬೇಡಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹಾಸನದ ಟೀಚರ್:
ತುಂಬಾ ಥ್ಯಾಂಕ್ಸ್ ಸರ್. ಮೈಗ್ರೇನ್ ಇಲ್ಲ. ಆದರೆ ಸುತ್ತು, ವಾಂತಿಗೆ ಕೊಟ್ಟ ಸ್ಟೆಮೆಟಿಲ್ ಮಾತ್ರೆ ಇನ್ನೂ ತಗೊಳ್ಳುತ್ತಿದ್ದೇನೆ. ಇರಲಾ?

ಮೈಸೂರು ಫಿಸಿಯೋ:
ಡಾಕ್ಟರನ್ನು ಈ ವಾರವೇ ಕೇಳಿ ಮೇಡಂ. ಮೊದಲ ಕೆಲವು ದಿನಕ್ಕೆ ಅದು ಬೇಕಿತ್ತು. ತಿಂಗಳುಗಟ್ಟಲೆ ತಗೊಂಡರೆ ಮೆದುಳು ಕಲಿಯುವುದನ್ನೇ ತಡಮಾಡುತ್ತದೆ. ಇನ್ನು ಮೈಸೂರು ಹತ್ತಿರ ಆದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಬ್ಯಾಲೆನ್ಸ್ ಪರೀಕ್ಷೆ ಮಾಡುತ್ತಾರೆ. ಹಳೇ ರಿಪೋರ್ಟ್ ಜೊತೆಗೆ ತಗೊಂಡು ಹೋಗಿ, ಎಡಗಿವಿ ಎಷ್ಟು ಸುಧಾರಿಸಿದೆ ಅಂತ ಗೊತ್ತಾದರೆ ವಿಆರ್ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುವುದು ಸುಲಭ.