ವಿದ್ಯಾ, ಆ ಟಿಪ್ಸ್ ವಿಷಯ

ವಿದ್ಯಾ, ನಿನ್ನ ಮೆಸೇಜ್ ಈಗ ನೋಡಿದೆ. ಮಗನಿಗೆ ಹೋಟೆಲಲ್ಲಿ ಕೆಲಸ ಸಿಕ್ಕಿದೆ, ಸಂಬಳ ಕಮ್ಮಿ, ಟಿಪ್ಸಲ್ಲಿ ಸರಿಯಾಗುತ್ತದೆ ಅಂತಾರೆ, ಆದ್ರೆ ಟಿಪ್ಸೇ ಬೇಡ ಅಂತ ಈಗ ಎಲ್ಲರೂ ಹೇಳುತ್ತಾರಲ್ಲ, ನಿಂತರೆ ಇವನ ಗತಿ ಏನು ಅಂತ ಕೇಳಿದ್ದೀಯ. ಹೆದರಬೇಡ ಮಾರಾಯ್ತಿ, ನಾಳೆಗೇ ನಿಲ್ಲುವುದಿಲ್ಲ. ಆದ್ರೆ ಟಿಪ್ಸ್ ನಂಬಿ ಕಮ್ಮಿ ಸಂಬಳಕ್ಕೆ ಒಪ್ಪಬೇಡಿ.

ನಾನು ಮಂಗಳೂರಿನ ಹಂಪನಕಟ್ಟೆ ಹತ್ತಿರ ಹೋಟೆಲಲ್ಲಿ ಸಪ್ಲೈಯರ್ ಆಗಿದ್ದದ್ದು ಎಲ್ಲರಿಗೂ ಗೊತ್ತೇ ಉಂಟು. ಸಂಬಳ ಎಷ್ಟು ಅಂತ ಅಪ್ಪ ಕೇಳಿದ್ದಕ್ಕೆ ಧಣಿ, "ಮೇಲಿಂದ ಬರ್ತದಲ್ಲ" ಅಂದಿದ್ದರು. ಬರುತ್ತಿತ್ತು, ಇಲ್ಲ ಅಂತಲ್ಲ. ಆದ್ರೆ ಬಂದದ್ದೆಲ್ಲ ಗಲ್ಲಾದ ಪಕ್ಕದ ಬಿಸ್ಕತ್ತು ಡಬ್ಬಿಗೆ ಹಾಕಬೇಕು. ಹಬ್ಬಕ್ಕೆ ಎಲ್ಲರಿಗೂ ಪಾಲು ಅಂತ ಮಾತು. ಆಟಿ ತಿಂಗಳು, ಅಂದರೆ ಆಷಾಢ, ಬಂತು. ಮದುವೆ ಇಲ್ಲ, ಮುಂಜಿ ಇಲ್ಲ, ಆ ಮಳೆಗೆ ಗೋಳಿಬಜೆ ತಿನ್ನಲೂ ಜನ ಇಲ್ಲ. ಡಬ್ಬಿಗೆ ಬೀಳುವುದು ನಿಂತಿತು, ಸಂಬಳ ಅಷ್ಟೇ. ಕೊನೆಗೆ ಚೌತಿಗೆ ಡಬ್ಬಿ ತೆಗೆದಾಗ ಧಣಿ ಒಡೆದ ಲೋಟದ ಲೆಕ್ಕ ಓದಿದರು. ಉಳಿದದ್ದು ಅರ್ಧಕ್ಕಿಂತ ಕಮ್ಮಿ. ಒಳಗೆ ಬೆಂಕಿಯ ಎದುರು ನಿಂತ ಅಡುಗೆ ಭಟ್ಟರಿಗೆ ಅದೂ ಇಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಟಿಪ್ಸ್ ನಂಬಿ ಕಮ್ಮಿ ಸಂಬಳಕ್ಕೆ ಒಪ್ಪಬೇಡಿ.

ಟಿಪ್ಸ್ ತೆಗೆಯಬೇಕಾ ಅಂತ ಕೇಳಿದರೆ, ತೆಗೆಯಲಿ. ಆದ್ರೆ ಮೊದಲು ಸಂಬಳ ಏರಿಸಲಿ, ದೋಸೆಗೆ ಐದು ರೂಪಾಯಿ ಜಾಸ್ತಿ ಆದರೂ ಅಡ್ಡಿಲ್ಲ. ಸುಮ್ನೆ ಟಿಪ್ಸ್ ಮಾತ್ರ ನಿಲ್ಲಿಸಿದರೆ ಹುಡುಗರ ಕೈಯೇ ಖಾಲಿ. ದೊಡ್ಡ ಹೋಟೆಲಿನವರು ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸುತ್ತಾರಲ್ಲ, ಅದು ಸರ್ಕಾರದ ತೆರಿಗೆ ಅಲ್ಲವೇ ಅಲ್ಲ. ಹಾಗೆ ತಾವಾಗಿ ಸೇರಿಸಬಾರದು ಅಂತ 2022ರಲ್ಲೇ ಕೇಂದ್ರದ ಗ್ರಾಹಕ ಪ್ರಾಧಿಕಾರ ಹೇಳಿತ್ತು, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಸರಿ ಅಂದಿತು. ಬೇಡ ಅಂದರೆ ತೆಗೆಯಬೇಕು, ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಇನ್ನು ನಮ್ಮ ದೊಡ್ಡ ಅಳಿಯಂದಿರು. ಈ ಫ್ಯಾಮಿಲಿ ಗ್ರೂಪಲ್ಲೇ ಇದ್ದಾರೆ, ಓದಲಿ. ಅಮೆರಿಕಾದಲ್ಲಿ ನೂರಕ್ಕೆ ಇಪ್ಪತ್ತು ಇಟ್ಟು ಬರುತ್ತಾರಂತೆ. ಅಲ್ಲಿ ಟಿಪ್ಸ್ ಬರುವ ಕೆಲಸಕ್ಕೆ ಟಿಪ್ಸ್ ಸೇರಿ ಕನಿಷ್ಠ ಸಂಬಳ ಮುಟ್ಟಿದರೆ ಧಣಿ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು ಅಂತ 1991ರಿಂದ ಕೇಂದ್ರದ ಕಾನೂನೇ ಉಂಟು, ಆದ್ರೆ ಹೆಚ್ಚಿನ ರಾಜ್ಯಗಳು ಅದನ್ನು ಜಾಸ್ತಿ ಮಾಡಿವೆ. ಸರಿ, ಕೊಡಲಿ. ಉಡುಪಿಗೆ ಬಂದಾಗ ಏನಾಯಿತು? ನಾಲ್ಕು ಟೇಬಲ್ ಜೋಡಿಸಿ ಕೂತು, ಸಾಂಬಾರು ಬಿಸಿ ಇಲ್ಲ ಅಂತ ಆ ಮಾಣಿಯನ್ನು ಎರಡು ಸಲ ಓಡಿಸಿ, ಕಡೆಗೆ ಸೋಂಪಿನ ತಟ್ಟೆಯಿಂದ ಚಿಲ್ಲರೆ ಒಂದೊಂದೇ ಹೆಕ್ಕಿ ಕಿಸೆಗೆ ಹಾಕಿಕೊಂಡರು. ಸೋಂಪು ಸಮೇತ! ನನಗೆ ಆ ಹುಡುಗನ ಮುಖ ನೋಡಲು ಆಗಲಿಲ್ಲ. ಇವರ ಗೃಹಪ್ರವೇಶಕ್ಕೆ ಬಡಿಸಲು ನಾನು ಬೇಕಿತ್ತು, ಅಲ್ವಾ?

ಹಾಂ, ಹೇಳಬೇಕಾದ್ದೇ ಮರೆತೆ. ಸೇರುವ ಮೊದಲು ಸಂಬಳ ಎಷ್ಟು ಅಂತ ಕಾಗದದಲ್ಲಿ ಬರೆಸಿಕೊಳ್ಳಲಿ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಉಂಟಾ ಕೇಳಲಿ. ಈಗ ಎಲ್ಲ ಫೋನಲ್ಲೇ ಪೇ ಮಾಡುವುದಲ್ಲ, ಬಿಲ್ಲಿನ ಜೊತೆ ಬಂದ ಟಿಪ್ಸ್ ಯಾರ ಖಾತೆಗೆ ಹೋಗುತ್ತದೆ, ಯಾವಾಗ ಹಂಚುತ್ತಾರೆ, ಒಳಗಿನವರಿಗೂ ಪಾಲು ಉಂಟಾ, ಅದನ್ನೂ ಕೇಳಲಿ. ಏನು ಹೇಳಿದರು ಅಂತ ನನಗೆ ಫೋನ್ ಮಾಡು. ಊಟ ಆದ ಮೇಲೆ ಬೇಡ, ಮಲಗಿರುತ್ತೇನೆ.